ಬೆಟ್ಟದ ನೆತ್ತಿಯ ಮಳೆ

"ನಿಮ್ಮ ಮಳೆ ಸುಳ್ಳು ಕಣ್ರೀ!"

ಕೋಲ್ಕತ್ತದ ಹವಾಮಾನ ಸಂಶೋಧನಾ ಕಚೇರಿಗೆ ಅಂದೇ ಸೇರಿದ್ದ ಮೈಸೂರಿನ ಶ್ರೀವತ್ಸ, ತುಂಬಿದ ಸಭೆಯಲ್ಲಿ ಹೀಗಂದುಬಿಟ್ಟ. ಅದೂ ಕನ್ನಡದಲ್ಲಿ! ಎದುರಿಗೆ ನಿಂತು ತನ್ನ ಲೆಕ್ಕ ವಿವರಿಸುತ್ತಿದ್ದ ಅಪೂರ್ವಳಿಗೆ ಮೈಯೆಲ್ಲ ಉರಿದುಹೋಯಿತು.

ಇಡೀ ದೇಶದ ಹವಾಮಾನವನ್ನು ದೊಡ್ಡ ದೊಡ್ಡ ಚೌಕಗಳಲ್ಲಿ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಮೊದಲೇ ಇತ್ತು. ಅದರ ಹೊಟ್ಟೆಯೊಳಗೆ, ಡಾರ್ಜಿಲಿಂಗ್ ಬೆಟ್ಟಗಳಿಗೆಂದೇ, ಅವಳು ಸಣ್ಣ ಚೌಕಗಳ ಇನ್ನೊಂದು ಮಾದರಿ ಕೂಡಿಸಿದ್ದಳು. ಬೆಟ್ಟದ ಏರಿಳಿತವೆಲ್ಲ ಅದಕ್ಕೆ ಕಾಣುತ್ತಿತ್ತು. ಆದರೆ ಅದು ತೋರಿಸಿದ ಮಳೆಯ ಅರ್ಧದಷ್ಟೂ ಮಳೆಮಾಪಕಗಳಲ್ಲಿ ಸಿಕ್ಕಿರಲಿಲ್ಲ.

"ನಿಮ್ಮ ಮಾಪಕ ಎಲ್ಲಾ ಕೆಳಗ ಪ್ಯಾಟ್ಯಾಗ ಅದಾವ್ರೀ. ನೆತ್ತಿ ಮ್ಯಾಲ ಒಂದರ ಐತೇನು?"

ಧಾರವಾಡದ ಹುಡುಗಿ ಅಪೂರ್ವ ಬಿಟ್ಟಾಳೆಯೇ!

ಮುಖ್ಯಸ್ಥ ಉಮಾಪತಿ ಬಾಬು ರಾಜಿಗೆ ಬಂದರು. ಮಾಪಕಕ್ಕೆ ಹೊಂದುವಂತೆ ಮಾದರಿಯ ಮಳೆ ತಗ್ಗಿಸಿದರೆ ಭೂಕುಸಿತದ ಮುನ್ಸೂಚನೆಗೆ ಅವಳ ಮಾದರಿಯನ್ನೇ ಬಳಸೋಣ, ಇಲ್ಲವಾದರೆ ಈ ಮಳೆಗಾಲ ಕಳೆದ ಮೇಲೆ ಕೈಬಿಡೋಣ ಎಂದರು.

ಅಪೂರ್ವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಬಿದ್ದ ಮಳೆಯನ್ನು ಬಿದ್ದಿಲ್ಲ ಎನ್ನಲು ಅವಳಿಂದಾಗದು.

ಮರುದಿನದಿಂದ ಚಹಾದಂಗಡಿಯಲ್ಲಿ ಮಣ್ಣಿನ ಕಪ್ಪು ಹಿಡಿದು ಇಬ್ಬರಿಗೂ ಇದೇ ಜಗಳ. ಜಗಳ ಯಾವಾಗ ಹರಟೆಯಾಯಿತೋ, ಅವನಿಲ್ಲದ ಚಹಾ ಯಾವಾಗ ಸಪ್ಪೆಯಾಯಿತೋ... ಅವಳಿಗೇ ತಿಳಿಯಲಿಲ್ಲ.

ಮಳೆಗಾಲ ಶುರುವಾದದ್ದೇ ತಡ, ಅವನು ಹೇಳದೆ ಕೇಳದೆ ಡಾರ್ಜಿಲಿಂಗ್‌ಗೆ ಹೋಗಿಬಿಟ್ಟ. ಫೋನಿಗೂ ಉತ್ತರವಿಲ್ಲ!

'ನನ್ನನ್ನ ಸುಳ್ಳಿ ಮಾಡಾಕ ಹೋಗ್ಯಾನ... ಇಂಥವನ್ನ ನಂಬಿದ್ನಲ್ಲ!' ಅವಳು ಅತ್ತೇ ಅತ್ತಳು.

ದುರ್ಗಾಪೂಜೆಯ ಪೆಂಡಾಲುಗಳು ಏಳುವ ಹೊತ್ತಿಗೆ ಅವನು ಮರಳಿದ. ಕೈತುಂಬ ಜಿಗಣೆ ಕಚ್ಚಿದ ಕಲೆ. ಸಭೆಯಲ್ಲಿ ಎದ್ದು ನಿಂತು, ಎಲ್ಲರಿಗೂ ತಿಳಿಯುವಂತೆ ಈ ಸಲ ಇಂಗ್ಲಿಷಿನಲ್ಲಿ ಹೇಳಿದ.

"ನೆತ್ತಿಯ ಮೇಲೇ ಮಾಪಕಗಳನ್ನಿಟ್ಟು ಮಳೆಗಾಲವಿಡೀ ಅಳೆದೆ. ಅಪೂರ್ವ ಅವರ ಮಾದರಿ ಹೇಳಿದಷ್ಟೂ ಮಳೆ ಅಲ್ಲಿ ಸುರಿದಿದೆ. ತಪ್ಪು ನನ್ನದು."

ಉಮಾಪತಿ ಬಾಬು ಎದ್ದು ಚಪ್ಪಾಳೆ ತಟ್ಟಿದರು. ಇನ್ನು ಬೆಟ್ಟದ ಮುನ್ಸೂಚನೆ ಅವಳ ಮಾದರಿಯಿಂದಲೇ! ಅಪೂರ್ವ ತಲೆಯೆತ್ತಿ ನಿಂತಳು. ಹೆಮ್ಮೆಯಿಂದ ಎದೆ ತುಂಬಿ ಬಂತು.

ಹೊರಗೆ ಬಂದವಳೇ ಅವನನ್ನು ಅಡ್ಡಗಟ್ಟಿದಳು.

"ನನಗ್ಯಾಕ ಹೇಳ್ಲಿಲ್ರೀ?"

"ನಿಮ್ಮನ್ನ ಇಷ್ಟಪಟ್ಟಿದ್ದೆ. ನಿಮ್ಮ ಜೊತೆ ಮಾತಾಡ್ತಾ ಅಳೆದಿದ್ರೆ, ಪ್ರೀತಿಗೋಸ್ಕರ ಲೆಕ್ಕ ತಿದ್ದಿದಾನೆ ಅಂತಿದ್ರು ಜನ. ಈ ಗೆಲುವು ಪೂರ್ತಿ ನಿಮ್ಮದೇ ಆಗ್ಬೇಕಿತ್ತು."

ಅವಳ ಕಣ್ಣು ತುಂಬಿತು.

"ನನ್ನ ಮಳಿ ಖರೇನ ಸುಳ್ಳಾಗಿದ್ರ?"

"ಸುಳ್ಳು ಅಂತ ಸಭೇಲಿ ಹೇಳ್ತಿದ್ದೆ. ಆಮೇಲೆ ಹೊರಗ್ಬಂದು, ನನ್ನ ಮದ್ವೆಯಾಗ್ತೀರಾ ಅಂತ ಕೇಳ್ತಿದ್ದೆ..."

"ಈಗ ಹೊರಗ ಬಂದೇವಲ್ರೀ," ಎಂದಳು ಅಪೂರ್ವ. "ಕೇಳ್ರಿ ಮತ್ತ!"