ಒಂಬತ್ತನೇ ಯಂತ್ರಕ್ಕೆ ವಿಭೂತಿ ಇರಲಿಲ್ಲ

ವಿಜಯದಶಮಿಯ ಬೆಳಿಗ್ಗೆ ಬೀಗ ತೆಗೆದ ವೀರಭದ್ರಯ್ಯನವರ ಕಣ್ಣಿಗೆ ಮೊದಲು ಬಿದ್ದದ್ದು ಬೆಳಕು. ಹಿಂದಿನ ಮಧ್ಯಾಹ್ನ ಆಯುಧ ಪೂಜೆ ಮುಗಿಸಿ, ತಾವೇ ಮೇನ್ ಸ್ವಿಚ್ ಇಳಿಸಿ ಹೋಗಿದ್ದರು. ಈಗ ಸರ್ವರ್‌ನ ಪರದೆ ಉರಿಯುತ್ತಿತ್ತು. ಅದರ ತುಂಬ ಒಂದೇ ಸಾಲು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: ಪೂಜೆ ಮಾಡಿದಿರಿ, ದೇವರು ಕಾಯಲಿಲ್ಲ.

ಒಳಗೆ ಏನೂ ಉಳಿದಿರಲಿಲ್ಲ. ಆರು ತಿಂಗಳ ಪಾಠ, ಪ್ರಯೋಗ, ವಿದ್ಯಾರ್ಥಿಗಳ ಅಂಕ, ಎಲ್ಲವನ್ನೂ ಯಾರೋ ಗುಡಿಸಿ ಹಾಕಿದ್ದರು.

ಕೊಟ್ಟೂರಿನ ಬಸ್ ನಿಲ್ದಾಣದ ಎದುರು, ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ವೀರಭದ್ರಯ್ಯನವರ ಕಂಪ್ಯೂಟರ್ ಕೇಂದ್ರ. 2006ರ ಮಾತು. ಟೈಪಿಂಗು, ಟ್ಯಾಲಿ ಕಲಿಸುವವರು ಸುತ್ತಲಿನ ತಾಲೂಕುಗಳಲ್ಲಿ ಬೇಕಾದಷ್ಟಿದ್ದರು. ಕಂಪ್ಯೂಟರಿಗೆ ಕನ್ನ ಹಾಕುವುದು ಹೇಗೆ, ಹಾಕುವವನನ್ನು ತಡೆಯುವುದು ಹೇಗೆ ಎಂದು ಕಲಿಸುತ್ತಿದ್ದದ್ದು ಇಲ್ಲಿ ಮಾತ್ರ. ಸೈಬರ್ ಭದ್ರತೆಯ ಮೊದಲ ಮೆಟ್ಟಿಲಿನ ಸರ್ಟಿಫಿಕೇಟ್ ಪರೀಕ್ಷೆಗೆ ಅದು ತಯಾರಿ. ಪುಸ್ತಕ ಕಡಿಮೆ, ಕೈಕೆಲಸ ಜಾಸ್ತಿ. ಆ ಸರ್ವರ್ ಎಂದರೆ ಬೇಕೆಂದೇ ಬಾಗಿಲು ಸಡಿಲ ಬಿಟ್ಟ ಯಂತ್ರ. ಹುಡುಗರು ಒಂದು ದಿನ ಅದನ್ನು ಮುರಿಯಬೇಕು, ಮರುದಿನ ಕಾಯಬೇಕು. ಅಂಕದಲ್ಲಿ ಮೊದಲು ಬಂದ ಒಬ್ಬರ ಪರೀಕ್ಷೆಯ ಖರ್ಚು ಬೆಂಗಳೂರಿನ ಒಂದು ಕಂಪನಿಯದು. ಹೆಸರು ಕಳಿಸಲು ಅಂದು ಸಂಜೆಯೇ ಕೊನೆ.

ಮೊದಲಿದ್ದವಳು ಮಾಲಾ, ಕೂಡ್ಲಿಗಿಯ ಪೋಸ್ಟ್‌ಮನ್ ರಾಮಣ್ಣನ ಮಗಳು. ಈ ಸೀಟು ತಪ್ಪಿದರೆ ಅವಳಿಗೆ ಆ ಪರೀಕ್ಷೆ ಕೈಗೆಟುಕದ ಮಾತು.

ಅವಳು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ಸರ್ವರ್‌ಗೆ ಯಾವ ಯಂತ್ರದಿಂದ ಯಾರು ಬಂದರು ಎಂಬುದು ಅದರಲ್ಲೇ ದಾಖಲಾಗುತ್ತದೆ. ವೀರಭದ್ರಯ್ಯನವರ ಮನೆಯಲ್ಲೇ ಇದ್ದು ಇಲ್ಲಿ ಕಲಿಯುತ್ತಿದ್ದ ತಂಗಿಯ ಮಗ ಗುರುಬಸವರಾಜ ಅದನ್ನು ತೆರೆದು ಮಾವನಿಗೆ ಓದಿ ಹೇಳಿದ್ದ: ನಿನ್ನೆ ಸಂಜೆ, ಒಂಬತ್ತನೇ ಯಂತ್ರದಿಂದ. ಒಂಬತ್ತು ಮಾಲಾಳ ಜಾಗ. ಬೆಳಗಿನ ಮೊದಲ ಬಸ್ಸಿಗೆ ಬರುವವಳೆಂದು ಅವಳ ಹತ್ತಿರ ಒಂದು ಕೀಲಿಯೂ ಇತ್ತು. ಸಾಲದ್ದಕ್ಕೆ, ಪೂಜೆಯ ಹೊತ್ತಿಗೆ ತನ್ನ ಯಂತ್ರಕ್ಕೆ ಪೂಜೆ ಬೇಡ ಎಂದವಳೂ ಅವಳೇ. ರಾಮಣ್ಣನ ಮನೆಯಲ್ಲಿ ಬುದ್ಧನ ಪಟ ಬಂದಂದಿನಿಂದ ಆಯುಧ ಪೂಜೆ ಇರಲಿಲ್ಲ. ಮಾಲಾ ಅದನ್ನು ಮೆತ್ತಗೆ ಹೇಳಿದ್ದಳು. ವೀರಭದ್ರಯ್ಯನವರ ಹೆಂಡತಿ ಅನ್ನದಾನಮ್ಮ, "ಆತವ್ವ" ಎಂದು ಆ ಒಂದನ್ನು ಬಿಟ್ಟು ಮುಂದೆ ಹೋಗಿದ್ದರು. ಅವರಿಗೇ ಸಿಟ್ಟು ಬರದಿದ್ದ ವಿಷಯಕ್ಕೆ ಈಗ ಊರಿಗೆಲ್ಲ ಸಿಟ್ಟು ಬಂದಿತ್ತು. ಊರಿನ ಸಿಟ್ಟು ಹಾಗೇ, ಕಾರಣ ಸಿಕ್ಕ ಮೇಲೆ ಬರುತ್ತದೆ.

ವೀರಭದ್ರಯ್ಯ ಒಂದು ಬಿಳಿ ಹಾಳೆ ಮುಂದೆ ತಳ್ಳಿದರು.

"ತಪ್ಪಾತು, ಸೀಟು ಬ್ಯಾಡ ಅಂತ ಬರಕೊಡು. ನಿಮ್ಮಪ್ಪನ ಮಕ ನೋಡಿ ಸ್ಟೇಷನ್ನಿಗೆ ಹೋಗದಂಗ ಇರ್ತೀನಿ."

ಮಾಲಾಳಿಗೆ ಅಳು ಬಂದಿತ್ತು, ನಿಜ. ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂತು.

"ನೀವು ಹೋಗಬ್ಯಾಡ್ರಿ ಸರ್," ಎಂದಳು. "ನಾನ ಹೋಗ್ತೀನಿ. ಬರೋತನಕ ಇಲ್ಲಿ ಯಾರೂ ಏನೂ ಮುಟ್ಟಬ್ಯಾಡ್ರಿ."

ಹಾಳೆ ಖಾಲಿಯಾಗಿಯೇ ಉಳಿಯಿತು. ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

*

ಆರೋಪಿಯೇ ಪೊಲೀಸರನ್ನು ಕರೆದುಕೊಂಡು ಬಂದದ್ದನ್ನು ಹೆಡ್ ಕಾನ್‌ಸ್ಟೇಬಲ್ ಹುಲುಗಣ್ಣ ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ. ಮೆಟ್ಟಿಲು ಹತ್ತುವಾಗಲೇ ಹೇಳಿಬಿಟ್ಟರು: ಕುರಿ ಕಳ್ಳನನ್ನು ಹಿಡಿದಿದ್ದೇನೆ, ಮೋಟಾರು ಕಳ್ಳನನ್ನು ಹಿಡಿದಿದ್ದೇನೆ, ಈ ಕಂಪ್ಯೂಟರು ನನಗೆ ಬಾರದ ವಿದ್ಯೆ. ಮಾಲಾ ಯೋಚಿಸಿ ಉತ್ತರ ಕೊಟ್ಟಳು. ಕಳ್ಳ ಬಂದದ್ದು ಬಾಗಿಲಿನಿಂದ, ಕುಳಿತದ್ದು ಕುರ್ಚಿಯ ಮೇಲೆ. ಅಷ್ಟು ನೀವು ನೋಡಿ, ಉಳಿದದ್ದು ನಾನು ನೋಡುತ್ತೇನೆ.

ಬೀಗ ಮುರಿದಿರಲಿಲ್ಲ. ಕೀಲಿಗಳು ಮೂರು. ಒಂದು ಮಾಲಾಳದು. ಒಂದು ವೀರಭದ್ರಯ್ಯನವರ ಮನೆಯಲ್ಲಿ, ಜಗಲಿಯ ಮೊಳೆಗೆ. ಮೂರನೆಯದು ಪಾಠ ಹೇಳುವ ಬಸವೇಶ್ ಅವರದು.

ಬಸವೇಶ್ ಹೆಸರು ಬಂದದ್ದೇ ಹುಲುಗಣ್ಣನ ಮೀಸೆ ಅಲುಗಿತು. ಹೋದ ವಾರ ಆ ಮೇಷ್ಟ್ರಿಗೂ ವೀರಭದ್ರಯ್ಯನವರಿಗೂ ಜೋರು ಮಾತಾದದ್ದು ಕೆಳಗಿನ ಗೊಬ್ಬರದ ಅಂಗಡಿಗೂ ಕೇಳಿಸಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಯಾರೋ ಹೊಸ ಕೇಂದ್ರ ತೆರೆದು ಅವರನ್ನು ಕರೆಯುತ್ತಿದ್ದರು. ನಾನು ಹೋದ ದಿನ ನಿಮ್ಮ ಲ್ಯಾಬಿಗೆ ಬೀಗ ಎಂದು ಬಸವೇಶ್ ಬಾಯಿಬಿಟ್ಟೇ ಅಂದಿದ್ದರು.

ಹರಪನಹಳ್ಳಿಯ ಬಸ್ಸಿಳಿದು, ಹಬ್ಬದ ಹೋಳಿಗೆಯ ಡಬ್ಬಿ ಹಿಡಿದು ಬಸವೇಶ್ ಒಳಗೆ ಬಂದರು. ಹುಲುಗಣ್ಣ ಡಬ್ಬಿಯನ್ನು ಕೆಳಗಿಡಿಸಿದರು. ನಿನ್ನೆ ಸಂಜೆ ಎಲ್ಲಿದ್ದಿರಿ? ಮನೆಯಲ್ಲಿ. ಸಾಕ್ಷಿ? ನಮ್ಮ ತಾಯಿ. ಎಲ್ಲರ ತಾಯಂದಿರೂ ಹಾಗೇ ಹೇಳುತ್ತಾರೆ ಎಂದರು ಹುಲುಗಣ್ಣ. ವೀರಭದ್ರಯ್ಯನವರಿಗೆ ಎರಡು ಮನಸ್ಸಾಯಿತು. ಹುಡುಗಿ ಮಾಡಿದ್ದರೆ ಸುಲಭ, ಮೇಷ್ಟ್ರು ಮಾಡಿದ್ದರೆ ನಂಬುವುದೂ ಸುಲಭ.

ಮಾಲಾ ಸುಮ್ಮನಿದ್ದಿದ್ದರೆ ತಪ್ಪಿಸಿಕೊಳ್ಳುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನೋಡುತ್ತ ನಿಲ್ಲುವ ಜಾಯಮಾನ ಅವಳದಲ್ಲ.

"ಇವರಲ್ಲ ಸಾರ್," ಎಂದಳು. "ಇವರ ಹತ್ರ ಸರ್ವರ್‌ನ ಹಿರೇ ಪಾಸ್‌ವರ್ಡ್ ಐತಿ. ಅಲ್ಲೇ ಕುಂತು, ಗುರುತು ಸಿಗದಂಗ ಅಳಿಸಿ ಹೋಗಬಹುದಿತ್ತು. ಒಂಬತ್ತರಿಂದ ಕನ್ನ ಹಾಕೋ ದರ್ದು ಇವರಿಗಿಲ್ಲ."

ಇನ್ನೊಂದು ಮಾತನ್ನೂ ಸೇರಿಸಿದಳು. ಬಂದವನು ಎಲ್ಲವನ್ನೂ ಅಳಿಸಿದ್ದಾನೆ, ಒಂಬತ್ತರ ಹೆಜ್ಜೆ ಗುರುತನ್ನು ಮಾತ್ರ ಬಿಟ್ಟಿದ್ದಾನೆ. ಅದನ್ನು ಮರೆತದ್ದಲ್ಲ, ಇಟ್ಟು ಹೋದದ್ದು.

ಹುಲುಗಣ್ಣ ತಲೆ ಕೆರೆದುಕೊಂಡು ಸರ್ವರ್‌ನ ಮೇಜಿನ ಹತ್ತಿರ ಹೋದರು. ಕಂಪ್ಯೂಟರು ಬಾರದಿದ್ದರೂ ಕಣ್ಣು ಚುರುಕು. ಸರ್ವರ್‌ನ ಡಬ್ಬಕ್ಕೆ ಮೂರು ಪಟ್ಟಿ ವಿಭೂತಿ, ನಡುವೆ ಕುಂಕುಮ. ಅದರ ಸುತ್ತ ಅನ್ನದಾನಮ್ಮ ಹಾಕಿದ್ದ ಚೌಕದ ರಂಗೋಲಿ. ಈಗ ಡಬ್ಬ ಚೌಕದ ನಡುವೆ ಇರಲಿಲ್ಲ. ಒಂದು ಬದಿಯ ಗೆರೆಯನ್ನು ತುಳಿದು ಕುಳಿತಿತ್ತು. ಮೇಲಿದ್ದ ಚೆಂಡುಹೂ ಚೆಲ್ಲಿರಲಿಲ್ಲ, ಬೀಳದಂತೆ ಒಂದು ವೀಳ್ಯದೆಲೆಯ ಮೇಲೆ ಎತ್ತಿಟ್ಟಿತ್ತು.

ವೈರು ಚುಚ್ಚಲು ಜರುಗಿಸಿರಬೇಕು ಎಂದರು ಹುಲುಗಣ್ಣ. ಮಾಲಾ ಬಗ್ಗಿ ನೋಡಿದಳು. ಪ್ಲಗ್ಗು ಇದ್ದದ್ದು ದಕ್ಷಿಣದ ಗೋಡೆಗೆ. ಡಬ್ಬ ಸರಿದದ್ದು ಉತ್ತರಕ್ಕೆ. ವೈರು ಬಿಗಿಯಾಗಿ, ಇನ್ನು ಸ್ವಲ್ಪ ಎಳೆದರೆ ಕಳಚುವಂತಿತ್ತು. ಕೆಲಸಕ್ಕೆ ಜರುಗಿಸುವವನು ಪ್ಲಗ್ಗಿನ ಕಡೆ ಜರುಗಿಸುತ್ತಾನೆ, ದೂರ ಅಲ್ಲ.

ಹಾಗಾದರೆ ಯಾಕೆ? ಮಾಲಾಳಿಗೂ ಗೊತ್ತಿರಲಿಲ್ಲ.

*

ಅನ್ನದಾನಮ್ಮ ಆರತಿ ತಟ್ಟೆ ಹಿಡಿದು ಬಂದಾಗ ಕೋಣೆಯ ಗಾಳಿಯೇ ಬಿಗಿದುಕೊಂಡಿತ್ತು. ಅವರಿಗೆ ಯಾರೂ ಏನೂ ಸರಿಯಾಗಿ ಹೇಳಿರಲಿಲ್ಲ. ಮಾಲಾ ಅವರನ್ನು ಸರ್ವರ್‌ನ ಬಳಿ ಕರೆದು, ಇದು ಹೀಗೇಕೆ ಸರಿದಿದೆ ಎಂದು ಕೇಳಿದಳು.

ಅವರು ನೋಡಿದ ಕೂಡಲೇ ಹೇಳಿದರು.

"ಪೂಜಿ ಕದಲಿಸ್ಯಾರಲ್ಲವ್ವ. ಕದಲಿಸದ ಮುಟ್ಟಬಾರದು, ಅದಕ್ಕ ಉತ್ತರಕ್ಕ ಒಂದೀಟು ಜರುಗಿಸಿ ಹೂವ ಇಳಿಸ್ತಾರ. ನಾ ಬರೋದ್ರಾಗ ಯಾರು ಮಾಡಿದ್ರಿ?"

ಮಾಲಾಳ ತಲೆಯಲ್ಲಿ ಆಗ ಬೆಳಕಾಯಿತು. ಪೂಜೆಯಾದ ಆಯುಧವನ್ನು ಮರುದಿನ ಕದಲಿಸುವ ತನಕ ಬಳಸುವಂತಿಲ್ಲ. ಅದು ಇವರ ಪದ್ಧತಿ. ಕಳ್ಳನಿಗೆ ಸರ್ವರ್ ಶುರು ಮಾಡದೆ ಗತಿಯಿರಲಿಲ್ಲ. ಹಾಳು ಮಾಡಲು ಬಂದವನು, ಹಾಳು ಮಾಡುವ ಮೊದಲು ಭಕ್ತಿಯಿಂದ ಹೂ ಇಳಿಸಿದ್ದಾನೆ. ತನಗೆ ಈ ಪದ್ಧತಿಯ ಹೆಸರೇ ಗೊತ್ತಿರಲಿಲ್ಲ. ಬಸವೇಶ್ ಮೇಷ್ಟ್ರು ನಿನ್ನೆ ಮಂಗಳಾರತಿಯ ನಡುವೆಯೇ ಮೌಸಿಗೆ ಕೈ ಹಾಕಿ ಅನ್ನದಾನಮ್ಮನವರಿಂದ ಬೈಸಿಕೊಂಡಿದ್ದರು. ಅವರಿಗೆ ಇಷ್ಟು ಮಡಿ ಎಲ್ಲಿಂದ ಬರಬೇಕು? ಉಳಿದದ್ದು ಜಗಲಿಯ ಮೊಳೆಯ ಕೀಲಿ.

ಅವಳು ವೀರಭದ್ರಯ್ಯನವರ ಕಡೆ ತಿರುಗಿದಳು.

"ಸರ್, ಬೆಳಿಗ್ಗೆ ಸರ್ವರ್ ಮುಂದ ಕುಂತು ಓದಿದ್ದು ಯಾರು?"

"ಗುರು."

"ಅಮ್ಮಾರು ಬಂದು ಕದಲಿಸೋಕಿಂತ ಮೊದ್ಲ?"

ವೀರಭದ್ರಯ್ಯ ತಂಗಿಯ ಮಗನ ಕಡೆ ತಿರುಗಿದರು. ಗಾಬರಿಯಲ್ಲಿ ಅವರಿಗೆ ಅದು ಹೊಳೆದಿರಲಿಲ್ಲ. ಗುರುಬಸವರಾಜನನ್ನು ಕಂಡವರಿಗೆಲ್ಲ ಅವನ ಆಚಾರ ಗೊತ್ತು. ಲಿಂಗಪೂಜೆಯಾಗದೆ ಗುಟುಕು ನೀರು ಕುಡಿಯುವವನಲ್ಲ. ಅಂಥವನು ಕದಲಿಸದ ಯಂತ್ರಕ್ಕೆ ಕೈ ಹಾಕಿದ್ದ, ಒಂದು ಗಳಿಗೆಯೂ ಅನುಮಾನಿಸದೆ. ಅದು ಕದಲಿಸಿ ಆಗಿದೆ ಎಂದು ಅವನೊಬ್ಬನಿಗೆ ಗೊತ್ತಿತ್ತು.

ಗುರುಬಸವರಾಜ ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಪೈಕಿ ಅವನಲ್ಲ, ಅಷ್ಟು ದಡ್ಡನಾಗಿದ್ದರೆ ಅಂಕದಲ್ಲಿ ಎರಡನೆಯವನಾಗುತ್ತಿರಲಿಲ್ಲ. ಜರುಗಿಸಿದ್ದನ್ನು ನೋಡಿಯೇ ತಾನು ಕುಳಿತದ್ದು ಎಂದ. ಡಬ್ಬ ಸರಿದದ್ದು ಯಾವ ಕೋರ್ಟಿನ ಸಾಕ್ಷಿ ಎಂದು ಕೇಳಿದ. ಹುಲುಗಣ್ಣ ಮಾಲಾಳ ಮುಖ ನೋಡಿದರು. ಡಬ್ಬ ಸಾಕ್ಷಿಯಾಗದು ಎಂಬ ಮಾತಿನಲ್ಲಿ ಸುಳ್ಳಿರಲಿಲ್ಲ.

ಮಾಲಾ ಒಂಬತ್ತನೇ ಯಂತ್ರವನ್ನು ಚಾಲೂ ಮಾಡಿದಳು. ಎಲ್ಲರೂ ಹಿಂದೆ ನಿಂತರು. ಅಳಿಸುವ ಪ್ರೋಗ್ರಾಮು ಲ್ಯಾಬಿನದಲ್ಲ, ಯಾರೋ ಪೆನ್ ಡ್ರೈವಿನಲ್ಲಿ ಹೊರಗಿನಿಂದ ತಂದದ್ದು ಎಂದು ವಿವರಿಸಿದಳು. ಕೆಲಸ ಮುಗಿಸಿ ಫೈಲು ಅಳಿಸಿದ್ದಾನೆ. ಆದರೆ ಹೊಸ ಪೆನ್ ಡ್ರೈವ್ ಚುಚ್ಚಿದಾಗಲೆಲ್ಲ ಅದರ ಹುಟ್ಟಿನ ಸಂಖ್ಯೆಯನ್ನು ಕಂಪ್ಯೂಟರ್ ತನ್ನೊಳಗೆ ಒಂದು ಮೂಲೆಯಲ್ಲಿ ಬರೆದುಕೊಳ್ಳುತ್ತದೆ. ಆ ಪಾಠವನ್ನು ಬಸವೇಶ್ ಹೇಳಿದ ದಿನ ಗುರುಬಸವರಾಜ ಯಾವುದೋ ಮದುವೆಗೆ ಹೋಗಿದ್ದ. ಪರದೆಯ ಮೇಲೆ ಸಂಖ್ಯೆ ಬಂತು. ದಿನಾಂಕ ನಿನ್ನೆಯದು.

"ನಿನ್ನ ಪೆನ್ ಡ್ರೈವ್ ಎಲ್ಲಿ ತಮ್ಮಾ?" ಎಂದರು ಹುಲುಗಣ್ಣ.

ಕೊರಳಲ್ಲಿ ಲಿಂಗದ ಕರಡಿಗೆಯ ಜೊತೆ ಇನ್ನೊಂದು ದಾರದಲ್ಲಿ ಅದನ್ನು ನೇತು ಹಾಕಿಕೊಳ್ಳುವುದು ಅವನ ರೂಢಿ. ಇಂದು ಆ ದಾರ ಇರಲಿಲ್ಲ. ಎಲ್ಲೋ ಕಳೆದುಹೋಯಿತು ಎಂದ.

"ಕಳೀಲಿ ಬಿಡ್ರಿ," ಎಂದಳು ಮಾಲಾ. "ಇವನ ಜಾಗ ಎರಡನೇ ಯಂತ್ರ. ಆರು ತಿಂಗಳಿಂದ ಅದಕ್ಕ ಚುಚ್ಚ್ಯಾನ. ಆ ಸಂಖ್ಯೆ ಅದರಾಗೂ ಇರ್ತೈತಿ."

ಎರಡನೇ ಯಂತ್ರ ವಿಭೂತಿ ಧರಿಸಿ ಕುಳಿತಿತ್ತು. ಮಾಲಾ ಅದಕ್ಕೆ ಕೈ ಹಾಕಲಿಲ್ಲ. ಅನ್ನದಾನಮ್ಮನವರ ಕಡೆ ನೋಡಿ, ಮೊದಲು ಕದಲಿಸಿಕೊಡಿ ಎಂದು ಕೇಳಿದಳು. ಅನ್ನದಾನಮ್ಮ ಬಂದರು. ಹೂ ತೆಗೆದು ವೀಳ್ಯದೆಲೆಯ ಮೇಲಿಟ್ಟರು. ಡಬ್ಬವನ್ನು ಎರಡೂ ಕೈಯಿಂದ ಉತ್ತರಕ್ಕೆ ಒಂದಿಷ್ಟು ಜರುಗಿಸಿದರು. ಅದು ರಂಗೋಲಿಯ ಗೆರೆ ತುಳಿದು ನಿಂತಿತು. ಥೇಟು ಸರ್ವರ್‌ನ ಹಾಗೆ. ಅವರು ಸರ್ವರ್‌ನ ಕಡೆ ತಿರುಗಿ ನೋಡಿದರು. ಗುರುಬಸವರಾಜನಿಗೆ ಕದಲಿಸುವುದನ್ನು ಕಲಿಸಿದವರು ಅವರೇ.

ಯಂತ್ರ ಚಾಲೂ ಆಯಿತು. ಎರಡು ಪರದೆ, ಒಂದೇ ಸಂಖ್ಯೆ. ಹುಲುಗಣ್ಣ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದರು.

ಗುರುಬಸವರಾಜನ ನಗು ನಿಂತಿತ್ತು. ಅಂಕಗಳು ಇಲ್ಲದಾದರೆ ಮಾವ ತನ್ನ ಹೆಸರನ್ನೇ ಕಳಿಸುತ್ತಾರೆ ಎಂಬ ಲೆಕ್ಕ ಅವನದು. ಹುಡುಗರೆಲ್ಲ ಹಿರೇಹಡಗಲಿ, ಚಿಗಟೇರಿ ಅಂತ ಹಬ್ಬಕ್ಕೆ ಊರು ಸೇರಿದ್ದರಿಂದ ಲ್ಯಾಬು ಖಾಲಿಯಿತ್ತು. ಕದಲಿಸದೆ ಮುಟ್ಟಬಹುದಾದ ಯಂತ್ರ ಇದ್ದದ್ದೂ ಒಂದೇ, ಅದು ಮಾಲಾಳದೇ. ಒಂದೇ ಕಲ್ಲಿಗೆ ಎರಡು ಹಕ್ಕಿ ಬಿದ್ದವು ಎಂದುಕೊಂಡಿದ್ದ.

"ಪೂಜಿ ಬ್ಯಾಡ ಅಂದಾಕಿನ ಮ್ಯಾಲ ಹಾಕಿದ್ರ ಎಲ್ಲಾರೂ ನಂಬ್ತಾರ ಅಂತ ಗೊತ್ತಿತ್ತು," ಎಂದ.

ಅವನ ಲೆಕ್ಕ ತಪ್ಪಿರಲಿಲ್ಲ. ಎಲ್ಲರೂ ನಂಬಿದ್ದರು.

*

ವೀರಭದ್ರಯ್ಯ ಬಾಗಿಲು ಮುಂದೆ ಮಾಡಿದರು. ದನಿ ಇಳಿದಿತ್ತು. ಮನೆಯ ಹುಡುಗ, ಬುದ್ಧಿ ಕೆಟ್ಟಿತು, ಇಲ್ಲಿಗೇ ಮುಗಿಸೋಣ ಎಂದರು. ಮಾಲಾಳ ಹೆಸರನ್ನು ಈಗಲೇ ಕಂಪನಿಗೆ ಕಳಿಸುವೆ, ಅವಳು ದೂರು ಕೊಡದಿದ್ದರೆ ಸಾಕು ಎಂದರು. ಹುಲುಗಣ್ಣ ಟೋಪಿ ಸರಿಮಾಡಿಕೊಂಡು ಕಿಟಕಿಯ ಆಚೆ ನೋಡತೊಡಗಿದರು. ಇಂಥ ರಾಜಿಗಳು ಅವರಿಗೆ ಹೊಸವಲ್ಲ.

ಮಾಲಾಳಿಗೆ ಬೇಕಾಗಿದ್ದದ್ದು ಅದೇ ಸೀಟು. ಕೈ ಚಾಚಿದರೆ ಸಿಗುತ್ತಿತ್ತು. ಒಪ್ಪದಿದ್ದರೆ ಸಂಜೆಯ ಹೊತ್ತಿಗೆ ಹೋಗುತ್ತಿತ್ತು.

"ಬೆಳಿಗ್ಗೆ ಮಾಡದ ತಪ್ಪಿಗೆ ಸೀಟು ಬಿಡು ಅಂದ್ರಿ," ಎಂದಳು. "ಈಗ ಅವ ಮಾಡಿದ ತಪ್ಪು ಮುಚ್ಚು, ಸೀಟು ತಗೋ ಅಂತೀರಿ. ಸೀಟು ನನ್ನ ಅಂಕದ್ದು ಸರ್. ದೂರು ನನ್ನ ಹೆಸರಿಂದು. ಎರಡಕ್ಕೂ ಗಂಟು ಹಾಕಬ್ಯಾಡ್ರಿ. ಅಂಕ ಇಲ್ಲ ಅಂದ್ರ ಮತ್ತ ಪರೀಕ್ಷೆ ಇಡ್ರಿ, ಬರಿತೀನಿ. ದೂರಂತೂ ಕೊಡ್ತೀನಿ."

ಬಸವೇಶ್ ಆಗಲೇ ಬೀರುವಿನಿಂದ ಸಿ.ಡಿ.ಗಳನ್ನು ತೆಗೆಯುತ್ತಿದ್ದರು. ಮಧ್ಯಾಹ್ನದೊಳಗೆ ಸರ್ವರನ್ನು ಮತ್ತೆ ಕಟ್ಟುವೆ, ಹುಡುಗರಿಗೆ ಫೋನು ಮಾಡುವೆ, ಬಂದವರೆಲ್ಲ ಕೂರಲಿ ಎಂದರು. ವೀರಭದ್ರಯ್ಯ ಸಿಟ್ಟಿನಿಂದ, ಹೆಸರು ಕಳಿಸುವ ಅಧಿಕಾರ ನನ್ನದು ಎಂದರು.

ಅಷ್ಟು ಹೊತ್ತು ತಟ್ಟೆ ಹಿಡಿದು ನಿಂತಿದ್ದ ಅನ್ನದಾನಮ್ಮ ಅದನ್ನು ಮೇಜಿನ ಮೇಲಿಟ್ಟರು.

"ಪೂಜಿ ಬ್ಯಾಡ ಅಂದಾಕಿ, ನನ್ನ ಕೇಳಿ ಮುಟ್ಟಿದ್ಲು. ಪೂಜಿ ಗೊತ್ತಿದ್ದವ, ಹೂವ ಇಳಿಸಿ ಮನಿ ಹಾಳು ಮಾಡಿದ. ಈಗ ಹೇಳ್ರಿ, ದೇವರಿಗೆ ಅಂಜಿದ್ದು ಯಾರು?"

ಅನ್ನದಾನಮ್ಮ ಸೆರಗು ಹೊದ್ದು ಚಪ್ಪಲಿ ಮೆಟ್ಟಿದರು. ಕದಲಿಸಿದ್ದನ್ನು ಮೊದಲು ಗುರುತಿಸಿದವಳು ನಾನು, ಸಾಕ್ಷಿ ಹೇಳಲು ನಾನೂ ಬರುತ್ತೇನೆ ಎಂದು ಹುಲುಗಣ್ಣನಿಗೆ ತಿಳಿಸಿದರು. ಹುಲುಗಣ್ಣ ಕಿಟಕಿ ಬಿಟ್ಟು, ಗುರುಬಸವರಾಜನ ತೋಳು ಹಿಡಿದರು.

ಠಾಣೆಯಲ್ಲಿ ಮಾಲಾ ದೂರನ್ನು ತಾನೇ ಬರೆದಳು. ಒಂದು ಅಕ್ಷರ ಹೊಡೆದು ಹಾಕಲಿಲ್ಲ. ಮಧ್ಯಾಹ್ನ ಬಂದವರೆಲ್ಲರ ಜೊತೆ ಕುಳಿತು, ಎಲ್ಲರಿಗಿಂತ ಮೊದಲು ಸರ್ವರ್ ಮುರಿದು ಎದ್ದಳು. ಸಂಜೆ ಬಸವೇಶ್ ಪತ್ರ ಟೈಪು ಮಾಡಿ ವೀರಭದ್ರಯ್ಯನವರ ಮುಂದೆ ಕುರ್ಚಿ ಎಳೆದಿಟ್ಟರು. ಅವರು ಮಾಲಾ, ರಾಮಣ್ಣನ ಮಗಳು, ಕೂಡ್ಲಿಗಿ ಎಂಬ ಹೆಸರನ್ನು ತಮ್ಮ ಕೈಯಿಂದಲೇ ಕಳಿಸಿದರು.

ಮಾಲಾ ಥ್ಯಾಂಕ್ಸ್ ಹೇಳಲಿಲ್ಲ. ತನ್ನದನ್ನು ತಾನು ಪಡೆದದ್ದಕ್ಕೆ ಯಾರಿಗೂ ಹೇಳಬೇಕಾಗಿರಲಿಲ್ಲ.