ನುಡಿಗೀಲಿ ಮತ್ತು ನಿಂಬೆವ್ವನ ಒಡಪು

ಔಷಧ ಕೇಂದ್ರದ ಗೋಡೆಗೆ ಕೂರಿಸಿದ್ದ ತಾಮ್ರದ ಜಾಲರಿಯ ಮುಂದೆ ಬಾಗಿ, ನಡುವಯಸ್ಸಿನ ಗಂಡಸೊಬ್ಬ "ದುಂಡವ್ವ" ಎಂದ. ಎರಡು ಕ್ಷಣ ಏನೂ ಆಗಲಿಲ್ಲ. ಆಮೇಲೆ ಹಸಿರು ದೀಪ ಹೊತ್ತಿತು. ಕೆಳಗಿನ ಖಾನೆಗಳಲ್ಲೊಂದು ತಾನಾಗಿ ಹೊರಗೆ ಸರಿಯಿತು. ಅದರೊಳಗೆ ಅವನ ತಾಯಿ ದುಂಡವ್ವನಿಗೆ ಒಂದು ತಿಂಗಳಿಗೆ ಬೇಕಾಗುವ ಗುಳಿಗೆಗಳಿದ್ದವು. ಸರದಿಯಲ್ಲಿ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಮಲಪ್ರಭೆಯ ದಂಡೆಯ ಬಿಳೇಕೊಪ್ಪ ಎಂಬ ನೇಕಾರರ ಊರಿನಲ್ಲಿ ನುಡಿಗೀಲಿಯ ಕೆಲಸ ಆರಂಭವಾದದ್ದು ಹೀಗೆ ಎಂಬ ವಿಷಯದಲ್ಲಿ ಈ ಕಥೆಯನ್ನು ಹೇಳುವವರೆಲ್ಲ ಒಮ್ಮತದಲ್ಲಿದ್ದಾರೆ.

ಅದು ಇಪ್ಪತ್ತೊಂದನೆಯ ಶತಮಾನದ ಐವತ್ತರ ದಶಕ. ನಕಲು ಮಾಡಲಾಗದ ಗುರುತು ಎಂಬುದೊಂದು ಆ ಹೊತ್ತಿಗೆ ಮನುಷ್ಯನ ಬಳಿ ಉಳಿದಿರಲಿಲ್ಲ. ಗುಪ್ತಪದಗಳನ್ನು ಜನ ಮರೆಯುತ್ತಿದ್ದರು, ಇಲ್ಲವೇ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದರು. ನೂಲು ಹಿಡಿದು ಸವೆದ ಬೆರಳುಗಳು ಬೆರಳಚ್ಚಿಗೆ ಒದಗುತ್ತಿರಲಿಲ್ಲ. ಮುಖವನ್ನೂ ದನಿಯನ್ನೂ ಹತ್ತು ನಿಮಿಷದಲ್ಲಿ ತಯಾರಿಸಿಕೊಡುವ ನಕಲುಯಂತ್ರಗಳು ಪೇಟೆಯಲ್ಲಿ ಸಿಗುತ್ತಿದ್ದವು. ಬಿಳೇಕೊಪ್ಪದ ಔಷಧ ಕೇಂದ್ರದಲ್ಲಿಯೇ ಯಾರೋ ನರ್ಸ್ ಜೈಬುನ್ನಿಸಾ ಅವರ ದನಿಯನ್ನು ನಕಲು ಮಾಡಿ ಇಡೀ ಕಪಾಟನ್ನು ಬರಿದು ಮಾಡಿಕೊಂಡು ಹೋಗಿದ್ದರು.

ಧಾರವಾಡದ ಪ್ರಯೋಗಾಲಯವೊಂದರಲ್ಲಿ ತಂತ್ರಾಂಶ ಭದ್ರತೆಯ ಕೆಲಸ ಮಾಡುತ್ತಿದ್ದ ಮೇದಿನಿ ಹಂಪಿಹೊಳಿ ಇದಕ್ಕೆ ನುಡಿಗೀಲಿ ಎಂಬ ಉಪಾಯ ಕಂಡುಹಿಡಿದಳು. ಬಹುಕಾಲ ಜೊತೆಗೆ ಬಾಳಿದವರ ಹೆಸರನ್ನು ನಾವು ಹೇಳುವ ರೀತಿಯೇ ಬೇರೆ. ಅದಕ್ಕೆ ಮುಂಚೆ ಎಳೆದುಕೊಳ್ಳುವ ಉಸಿರು, ಒಂದು ಅಕ್ಷರವನ್ನು ಜಗ್ಗುವುದು, ಇನ್ನೊಂದನ್ನು ನುಂಗುವುದು, ಇವೆಲ್ಲ ವರ್ಷಗಳ ಬಳಕೆಯಿಂದ ಮೂಡಿದ ಗುರುತುಗಳು. ಇದನ್ನು ಅವಳು 'ಬಾಳಿಕೆಯ ಜಾಡು' ಎಂದು ಕರೆದಳು. ನಕಲುಯಂತ್ರಕ್ಕೆ ದನಿ ಸಿಗುತ್ತದೆ, ಜಾಡು ಸಿಗುವುದಿಲ್ಲ. ಕದ್ದು ಧ್ವನಿಮುದ್ರಿಸಿಕೊಂಡು ಬಂದರೂ ಪ್ರಯೋಜನವಿಲ್ಲ; ಮನುಷ್ಯರು ಯಾವ ಮಾತನ್ನೂ ಎರಡು ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೇಳುವುದಿಲ್ಲವಾದ್ದರಿಂದ, ಹಾಗೆ ಹೇಳಿದ್ದನ್ನು ನುಡಿಗೀಲಿ, ಯಂತ್ರದ ದನಿಯೆಂದೇ ತಿಳಿದು ತಿರಸ್ಕರಿಸುತ್ತದೆ. ರೋಗಿಯ ಪರವಾಗಿ ಔಷಧ ಒಯ್ಯಲು ನೇಮಕಗೊಂಡವರು, ಅಂದರೆ ಆರೈಕೆದಾರರು, ಮೊದಲೊಮ್ಮೆ ರೋಗಿಯ ಹೆಸರನ್ನು ಏಳು ಸಲ ಹೇಳಿ ನೋಂದಾಯಿಸಿಕೊಳ್ಳಬೇಕು. ಆ ಬಳಿಕ ತಿಂಗಳಿಗೊಮ್ಮೆ ಬಂದು ಒಂದು ಸಲ ಹೇಳಿದರೆ ಸಾಕು.

ತೀರ ಪ್ರೀತಿಪಾತ್ರರ ಹೆಸರನ್ನೇ ಮನುಷ್ಯರು ಅತಿ ಹೆಚ್ಚು ಸಲ ಉಚ್ಚರಿಸಿರುತ್ತಾರೆ ಎಂಬುದು ಈ ಸಾಧನದ ಅಡಿಗಲ್ಲು. ಆ ಕಲ್ಲು ಮೊದಲ ವಾರದಲ್ಲೇ ಅಲುಗಾಡಿತು.

ನೇಕಾರ ಓಣಿಯ ನಿಂಬೆವ್ವನಿಗೆ ಆಗ ಎಪ್ಪತ್ತೆರಡು ವರ್ಷ. ಅವಳ ಗಂಡ ಮಾಗುಂಡಪ್ಪನಿಗೆ ಹೃದಯದ ಕಾಯಿಲೆ. ಹಿಂದೊಮ್ಮೆ ಈ ಮಹಾಶಯರು, ದಿನಾ ನುಂಗುವ ಕಾಟ ಯಾರಿಗೆ ಬೇಕೆಂದು, ಮೂರು ದಿನದ ಗುಳಿಗೆಗಳನ್ನು ಒಂದೇ ಬೆಳಿಗ್ಗೆ ನುಂಗಿ ಆಸ್ಪತ್ರೆ ಸೇರಿದ್ದರು. ಅಂದಿನಿಂದ ವೈದ್ಯರು ಅವರ ಕೈಗೆ ಔಷಧ ಕೊಡಕೂಡದೆಂದು ಬರೆದು, ಹೆಂಡತಿಯೊಬ್ಬಳನ್ನೇ ಆರೈಕೆದಾರಳನ್ನಾಗಿ ಮಾಡಿದ್ದರು. ಮನೆಯಲ್ಲಿ ಎರಡು ದಿನದ ಗುಳಿಗೆಗಳಷ್ಟೇ ಉಳಿದಿದ್ದಾಗ ನಿಂಬೆವ್ವ ನೋಂದಣಿಗೆ ಬಂದಳು.

"ಪೇಷಂಟ್ ಹೆಸರ ಹೇಳ್ರಿ," ಎಂದರು ಜೈಬುನ್ನಿಸಾ.

ನಿಂಬೆವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಹೆಸರ ಗೊತ್ತಿಲ್ಲೇನ್ರಿ?"

"ಐವತ್ತ ವರ್ಷ ಸಂಸಾರ ಮಾಡೀನಿ, ಗೊತ್ತಿರಲಾರದ ಏನ ಸಿಸ್ಟರ?"

"ಹಂಗಾರ ಹೇಳ್ರಿ ಮತ್ತ."

"ಹೆಂಗ ಹೇಳ್ಲಿ? ಇವರ ಹೆಸರ ಅಲ್ಲೇನ ಅದು!"

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ರೂಢಿ ಆ ಕಾಲಕ್ಕೆ ಬಹುತೇಕ ಮರೆಯಾಗಿತ್ತು. ನೇಕಾರ ಓಣಿಯ ಹಿರಿಯ ಹೆಂಗಸರು ಹತ್ತು ಹದಿನೈದು ಮಂದಿ ಮಾತ್ರ ಅದನ್ನು ಉಳಿಸಿಕೊಂಡಿದ್ದರು. ನಿಂಬೆವ್ವ ಹಳೆಯ ಔಷಧದ ಡಬ್ಬಿಯ ಮೇಲೆ ಅಚ್ಚಾಗಿದ್ದ ಹೆಸರನ್ನು ಬೆರಳಿಟ್ಟು ತೋರಿಸಿದಳು. ಯಂತ್ರಕ್ಕೆ ಕಿವಿಯಿತ್ತೇ ಹೊರತು ಕಣ್ಣಿರಲಿಲ್ಲ. ಹಿಂದೆ ನಿಂತಿದ್ದ ನೆರೆಮನೆಯವಳು ಉಪಕಾರಕ್ಕೆಂದು "ಮಾಗುಂಡಪ್ಪ!" ಎಂದು ಕೂಗಿದಳು. ಕೆಂಪು ದೀಪ ಹೊತ್ತಿತು.

"ನೋಡ, ಯಂತ್ರಕ್ಕ ತಿಳೀತು," ಎಂದಳು ನಿಂಬೆವ್ವ, "ಅವರಿಗೆ ನೀ ಯಾರೂ ಅಲ್ಲ ಅಂತ."

ಮರುದಿನ ಮಧ್ಯಾಹ್ನದ ಬಸ್ಸಿಗೆ ಮೇದಿನಿ ಬಂದಿಳಿದಳು. ಮೂವತ್ತರ ವಯಸ್ಸು, ಬಗಲಲ್ಲಿ ಗಣಕದ ಚೀಲ. ಜಗಲಿಯ ಮೇಲೆ ನಿಂಬೆವ್ವನ ಪಕ್ಕ ಕುಳಿತು ಅವಳು ಎಲ್ಲವನ್ನೂ ಮೊದಲಿಂದ ವಿವರಿಸಿದಳು.

"ಆಯಿ, ಕಳ್ಳರು ನಿಮ್ಮ ದನೀನ ಕದೀತಾರ. ಅದಕ್ಕ ಇಷ್ಟೆಲ್ಲ ಮಾಡೂದು."

"ನನ್ನ ದನಿ ಕದ್ದರ ನಾ ಮೂಕಿ ಆಗ್ತೀನೇನ?"

"ಇಲ್ರಿ. ನಿಮ್ಮದು ನಿಮ್ಮ ಹತ್ರನ ಇರ್ತದ, ಅವರ ಹತ್ರಾನೂ ಒಂದು ಇರ್ತದ. ಅದ ತ್ರಾಸು."

"ಈ ಸಿಸ್ಟರಗ ನಾ ಯಾರಂತ ಗೊತ್ತೈತಿ. ಇಡೀ ಓಣಿಗೆ ಗೊತ್ತೈತಿ. ಯಂತ್ರಕ್ಕ ಮತ್ತೇನ ಸಾಕ್ಷಿ ಬೇಕ?"

"ನೀವು ಯಾರು ಅನ್ನೂದು ಒಂದು ಪ್ರಶ್ನೆ ಆಯಿ, ನಿಮಗ ಏನು ಮಾಡೂ ಅಧಿಕಾರ ಅದ ಅನ್ನೂದು ಇನ್ನೊಂದು. ಈ ಎರಡನ್ನೂ ಕೂಡಿಸಿದ್ದಕ್ಕ ಸಿಸ್ಟರ ಅವರ ಹೆಸರಿನ್ಯಾಗ ಕಪಾಟ ಖಾಲಿ ಆತು. ಈಗ ಕಪಾಟ ತಗಿಯೂ ಅಧಿಕಾರ ಸಿಸ್ಟರಗೂ ಇಲ್ಲ, ನನಗೂ ಇಲ್ಲ. ಹಿಂಬಾಗಿಲು ಇಟ್ಟಿಲ್ಲ ನಾ."

ನಿಂಬೆವ್ವ ಇದನ್ನು ಮೆಚ್ಚಿದಂತೆ ತಲೆಯಾಡಿಸಿದಳು. ಮೇದಿನಿ ಆಸೆಯಿಂದ ಕೇಳಿದಳು: "ಹೆಸರು ಬ್ಯಾಡ್ರಿ. 'ನಮ್ಮವರು' ಅನ್ರಿ, ಅದನ್ನ ನೋಂದಾಯಿಸೋಣ."

"ಈ ಓಣ್ಯಾಗ ಹೆಂಗಸರೆಲ್ಲಾರೂ 'ನಮ್ಮವರು' ಅಂತನ ಅಂತಾರವ್ವ. ಯಾರ ಗುಳಿಗಿ ಯಾರಿಗೆ ಕೊಡತೈತಿ ನಿನ್ನ ಯಂತ್ರ?"

ಆರು ವರ್ಷ ಭದ್ರತೆಯನ್ನು ಓದಿದ್ದ ಮೇದಿನಿ ನಾಲಿಗೆ ಕಚ್ಚಿಕೊಂಡಳು. ಬೇರೆಯವರು ಇಂಥ ಗುರುತನ್ನು ಸೂಚಿಸಿದ್ದರೆ ಅವಳೇ ಅದನ್ನು ತಿರಸ್ಕರಿಸುತ್ತಿದ್ದಳು.

"ಒಡಪ ನಡೀತೈತೇನ?" ಎಂದು ನಿಂಬೆವ್ವ ಮೆಲ್ಲಗೆ ಕೇಳಿದಳು.

ಮದುವೆಯಲ್ಲಿ, ಸೀಮಂತದಲ್ಲಿ, ಹೊಸಿಲು ದಾಟುವಾಗ ಅಡ್ಡಗಟ್ಟಿ ಗಂಡನ ಹೆಸರು ಕೇಳಿದರೆ ಹೆಣ್ಣುಮಕ್ಕಳು ಅದನ್ನೊಂದು ಪದ್ಯದ ಮಡಿಲಲ್ಲಿಟ್ಟು ಹೇಳುತ್ತಾರೆ. ಅದಕ್ಕೆ ಒಡಪು ಎನ್ನುತ್ತಾರೆ. ಪದ್ಯದೊಳಗೆ ಬಂದ ಹೆಸರಿಗೆ ದೋಷವಿಲ್ಲ. ಗಂಡಸರನ್ನೆಲ್ಲ ಹೊರಗೆ ಕಳಿಸಿ, ಜಾಲರಿಯ ಕಡೆ ಅರ್ಧ ಮುಖ ತಿರುಗಿಸಿ ನಿಂಬೆವ್ವ ಹೇಳಿದಳು:

ಮಗ್ಗದಾಗ ಲಾಳಿ, ಲಾಳ್ಯಾಗ ಕಂಡಿಕಿ,
ಕಂಡಿಕ್ಯಾಗ ಕೆಂಪನ ನೂಲ;
ನೂಲ ಹರದರ ಸಿಟ್ಟ, ಸಿಟ್ಟ ಇಳದರ ನಗಿ,
ನಗುವಂಥ ಮಾಗುಂಡಪ್ಪನವರು ನನ್ನ ಪಾಲ.

ಏಳು ಸಲ ಹೇಳಿಸಿದ್ದಾಯಿತು. ನಾಲ್ಕನೆಯ ಸಲಕ್ಕೆ ನಿಂಬೆವ್ವ, "ಮದುವ್ಯಾಗ ಸುದ್ದಾ ಇಷ್ಟ ಸತಾಯಿಸಿದ್ದಿಲ್ಲ," ಎಂದು ಗೊಣಗಿದಳು. ಆದರೆ ಮೇದಿನಿ ಗಣಕದಲ್ಲಿ ಮೂಡಿದ ಅಲೆಗಳನ್ನು ನೋಡುತ್ತಿದ್ದಳು. 'ನಗುವಂಥ' ಎಂಬ ಪದಕ್ಕೂ ಹೆಸರಿಗೂ ನಡುವೆ, ಏಳೂ ಸಲ, ಒಂದು ಮೌನ. ಮುಕ್ಕಾಲು ಕ್ಷಣದ್ದು. ಆ ಮೌನದೊಳಗೆ ಉಸಿರು ಒಂದಿಷ್ಟು ತಡೆದು, ನಡುಗಿ, ಮುಂದೆ ಸಾಗುತ್ತಿತ್ತು. ಅರ್ಧ ಶತಮಾನದ ಸಂಕೋಚ ಒಂದೆಡೆ ಸೇರಿದ ಬಿಂದು ಅದು. ಜಗತ್ತಿನ ಯಾವ ನಕಲುಯಂತ್ರವೂ ಅದನ್ನು ಕಟ್ಟಲಾರದು. ಅವಳು ಅದಕ್ಕೆ 'ತಡೆಗೆರೆ' ಎಂದು ಹೆಸರಿಟ್ಟು, ಒಡಪು ಹೇಳುವವರಿಗೆ ಮಿಕ್ಕೆಲ್ಲ ಗುರುತುಗಳಿಗಿಂತ ಅದಕ್ಕೇ ಹೆಚ್ಚಿನ ತೂಕ ಕೊಟ್ಟಳು. ಹಸಿರು ದೀಪ ಹೊತ್ತಿತು. ಗುಳಿಗೆಗಳನ್ನು ಉಡಿಯಲ್ಲಿ ಕಟ್ಟಿಕೊಂಡು ನಿಂಬೆವ್ವ ಮನೆಗೆ ನಡೆದಳು.

ಒಂದೆರಡು ತಿಂಗಳಲ್ಲಿ ಓಣಿಯ ಹೆಂಗಸರೆಲ್ಲ, ಗಂಡನ ಹೆಸರು ಹಿಡಿದು ಕೂಗುವ ಹೊಸಕಾಲದ ಸೊಸೆಯಂದಿರು ಕೂಡ, ತಮಗೂ ಒಡಪಿನ ಗುರುತೇ ಬೇಕೆಂದು ಹಟ ಹಿಡಿದರು. ಹೆಂಡತಿಯ ಸಕ್ಕರೆ ಕಾಯಿಲೆಗೆ ಔಷಧ ಒಯ್ಯುವ ಗಂಡಸರು ಪ್ರಾಸ ಕೂಡಿಸಲು ಜೈಬುನ್ನಿಸಾರ ನೆರವು ಬೇಡುತ್ತಿದ್ದರು. ಧಾರವಾಡದ ಕೋಣೆಯಲ್ಲಿ ಕುಳಿತು ಮೇದಿನಿ ಲೆಕ್ಕ ಹಾಕಿದಳು: ನುಡಿಗೀಲಿ ಬಂದ ಮೇಲೆ ಬಿಳೇಕೊಪ್ಪದಲ್ಲಿ ಒಂದೇ ಒಂದು ಕಳವು ನಡೆದಿರಲಿಲ್ಲ.

ಐದನೆಯ ತಿಂಗಳ ಒಂದು ಬೆಳಿಗ್ಗೆ ನುಡಿಗೀಲಿ ನಿಂಬೆವ್ವನಿಗೆ ಖಾನೆ ತೆರೆಯಲು ಒಪ್ಪಲಿಲ್ಲ.

ಅವಳು ಒಡಪು ಹೇಳಿದಳು, ಕೆಂಪು ದೀಪ. ಮತ್ತೆ ಹೇಳಿದಳು, ಕೆಂಪು. ಗಂಡನ ಕೊನೆಯ ಗುಳಿಗೆ ಅಂದು ಮುಂಜಾನೆಗೇ ಮುಗಿದಿತ್ತು, ಸಂಜೆಯದನ್ನು ತಪ್ಪಿಸುವಂತಿರಲಿಲ್ಲ. ಜೈಬುನ್ನಿಸಾ ಗಾಬರಿಯಿಂದ ಮೇದಿನಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಧಾರವಾಡದ ತನ್ನ ಪರದೆಯಲ್ಲಿ ಅಲೆಗಳನ್ನು ನೋಡಿದ ಮೇದಿನಿಗೆ ಕಂಡಂತೆ, ದನಿ ನಿಂಬೆವ್ವನದೇ, ಪದ್ಯವೂ ಅದೇ. ಆದರೆ ತಡೆಗೆರೆ ಇರಲಿಲ್ಲ. ಹೆಸರು ಮೊಳೆ ಹೊಡೆದಂತೆ ಬಂದಿತ್ತು.

ಮೇದಿನಿ ಹಿಂದುಮುಂದು ನೋಡದೆ ಕೇಳಿಬಿಟ್ಟಳು: "ಆಯಿ, ಮನ್ಯಾಗ ಏನರ ಜಗಳ ಆಗ್ಯಾದೇನ್ರಿ?"

ಸರದಿಯಲ್ಲಿದ್ದ ಹದಿನೇಳು ಜನರ ಕಿವಿ ಒಮ್ಮೆಗೇ ನಿಮಿರಿದವು. ನಿಂಬೆವ್ವ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅಷ್ಟೇ ಸಾಕಾಗಿ, ಸುದ್ದಿ ಅವಳಿಗಿಂತ ಮೊದಲು ಓಣಿ ತಲುಪಿತು.

ಜಗಳದ ಕಾರಣದಲ್ಲಿ ಪಾಠಾಂತರಗಳಿವೆ. ಮಾಗುಂಡಪ್ಪ ಅವಳ ತವರಿನ ತಾಮ್ರದ ಹಂಡೆಯನ್ನು ಗುಜರಿಗೆ ಹಾಕಿದನೆಂದು ಮೇಲಿನ ಓಣಿಯವರು ಹೇಳುತ್ತಾರೆ. ನೇಕಾರ ಓಣಿಯವರ ಪ್ರಕಾರ, ಬೀಗರೆದುರು ಅವನು ನಿಂಬೆವ್ವನ ತಂಗಿ ಮಾಡಿದ ಹೋಳಿಗೆಯನ್ನು ಹೊಗಳಿದ್ದ. ಮುಂದೆ ನಡೆದ ಮಾತುಕತೆ ಈ ಎರಡನೆಯದಕ್ಕೇ ಹೊಂದುತ್ತದೆ.

ಯಾರೋ ಹೋಗಿ ತಿಳಿಸಿದರು. ಮಾಗುಂಡಪ್ಪ ಕೋಲೂರಿಕೊಂಡು, ಸಿಟ್ಟಿನಿಂದಲೋ ನಾಚಿಕೆಯಿಂದಲೋ ಬಿರಬಿರನೆ ನಡೆದು ಬಂದ.

"ಮಂದಿ ಮುಂದ ಮಾನ ಕಳದೀಯಲ್ಲ!"

"ನಾ ಏನ ಅಂದಿಲ್ಲ. ಯಂತ್ರ ಅಂದೈತಿ. ಅದಕ್ಕರ ತಿಳೀತು ನನ್ನ ಸಂಕಟ."

"ನಾ ಅಂದದ್ದರ ಏನ? ನಿನ್ನ ತಂಗಿ ಹೋಳಿಗಿ ಮೆತ್ತಗ ಅದಾವ ಅಂದೆ. ಹಲ್ಲ ಇಲ್ಲದವರಿಗೆ ಛಲೋ ಅಂತ ಅದರ ಅರ್ಥ."

"ನಿಮ್ಮವು ಎಷ್ಟ ಹಲ್ಲ ಅದಾವ?"

ಮಾಗುಂಡಪ್ಪ ಒಳಗೊಳಗೇ ಎಣಿಸಿದ. "ನಾಕ," ಎಂದ.

ಸರದಿ ಘೊಳ್ಳೆಂದು ನಕ್ಕಿತು. ಮಾಗುಂಡಪ್ಪನೂ ನಗಲು ಹೋದ. ಉಸಿರು ಸಾಲದೆ ನಗೆ ಅರ್ಧಕ್ಕೆ ನಿಂತಿತು. ಕೋಲು ಕೈಜಾರಿತು. ಗೋಡೆ ಹಿಡಿದು ಬಾಕಿನ ಮೇಲೆ ಕುಸಿದು ಕುಳಿತವನ ಹಣೆಯಲ್ಲಿ ಬೆವರು ಒಡೆದಿತ್ತು.

"ಯಾಕ ಓಡಿ ಬಂದ್ರಿ? ಯಾರ ಓಡಿ ಬರಾಕ ಹೇಳಿದ್ರ ನಿಮಗ?" ನಿಂಬೆವ್ವ ಸೆರಗಿನಿಂದ ಅವನ ಹಣೆ ಒರೆಸಿದಳು. ಜೈಬುನ್ನಿಸಾ ನಾಡಿ ಹಿಡಿದು, ಗಾಬರಿಪಡಬೇಕಿಲ್ಲವೆಂದು ಕಣ್ಣಲ್ಲೇ ಸೂಚಿಸಿದರು. ಆಗ ಮಾಗುಂಡಪ್ಪ, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, "ನೀ ಸಿಟ್ಟಾದರ ಮನ್ಯಾಗ ಕೂಡಾಕ ಆಗೂದಿಲ್ಲ ನನಗ," ಎಂದ.

ಅವಳು ಎದ್ದು ಜಾಲರಿಯ ಮುಂದೆ ನಿಂತಳು. ಮಗ್ಗ, ಲಾಳಿ, ಕಂಡಿಕೆ, ನೂಲು ಎಲ್ಲ ಸರಾಗವಾಗಿ ಬಂದವು. 'ನಗುವಂಥ' ಎಂಬಲ್ಲಿ ದನಿ ನಿಂತಿತು. ನೋಂದಣಿಯ ದಿನಕ್ಕಿಂತ ಎರಡು ಪಟ್ಟು ಉದ್ದದ ಮೌನ. ಧಾರವಾಡದಲ್ಲಿ ಪರದೆಯ ಮುಂದಿದ್ದ ಮೇದಿನಿ ಹೆದರಿದಳು. ಇಷ್ಟು ದೊಡ್ಡ ತಡೆಗೆರೆಯನ್ನು ಯಂತ್ರ ಒಪ್ಪದೆಯೂ ಹೋಗಬಹುದಿತ್ತು. ದೀಪ ಕೆಂಪೂ ಅಲ್ಲದೆ ಹಸಿರೂ ಅಲ್ಲದೆ ಒಂದು ಗಳಿಗೆ ಹಳದಿಯಾಗಿ ಉಳಿದು, ಆಮೇಲೆ ಹಸಿರಾಯಿತು.

ಆ ವಾರವಿಡೀ ಮೇದಿನಿಗೆ ಸಮಾಧಾನವಿರಲಿಲ್ಲ. ಒಂದೇ ಒಂದು ಗುಟ್ಟನ್ನೂ ಬಿಟ್ಟುಕೊಡದಂತೆ ಅವಳು ಕಟ್ಟಿದ ಸಾಧನ, ಯಾವ ಮನೆಯಲ್ಲಿ ಗಂಡಹೆಂಡಿರಿಗೆ ಬಿರುಸಾಗಿದೆ ಎಂಬುದನ್ನು ಕೆಂಪು ದೀಪ ಹಚ್ಚಿ ಓಣಿಗೆಲ್ಲ ಸಾರುತ್ತಿತ್ತು. ಬಾಗಿಲು ಭದ್ರವಾಗಿದ್ದರೂ ಅದು ತೆರೆಯಲು ಹಿಡಿಯುವ ಸಮಯದಿಂದಲೋ, ತೆರೆಯದೆ ಇರುವುದರಿಂದಲೋ ಒಳಗಿನ ಸಂಗತಿ ಹೊರಬೀಳುವುದಕ್ಕೆ ಅವಳ ಕಸುಬಿನಲ್ಲಿ 'ಪಕ್ಕಸೋರಿಕೆ' ಎನ್ನುತ್ತಾರೆ. ಅದು ಗಂಭೀರ ದೋಷ. ಎರಡು ತಿಂಗಳು ದುಡಿದು ಅವಳು ತಿದ್ದುಪಡಿಯನ್ನು ಸಿದ್ಧಮಾಡಿದಳು: ಇನ್ನು ಮುಂದೆ ಕೆಂಪು ದೀಪವಿಲ್ಲ, ತಡೆಗೆರೆ ತಪ್ಪಿದರೂ ಹಳೆಯ ಜಾಡಿನ ಆಧಾರದಿಂದ ಖಾನೆ ಸದ್ದಿಲ್ಲದೆ ತೆರೆಯುತ್ತದೆ. ಅದನ್ನು ಅಳವಡಿಸಲು ತಾನೇ ಬಿಳೇಕೊಪ್ಪಕ್ಕೆ ಬಂದು, ಕೇಂದ್ರದ ಜಗಲಿಯಲ್ಲಿ ಹೆಂಗಸರನ್ನು ಕೂಡಿಸಿ ಕ್ಷಮೆ ಕೇಳಿದಳು.

"ನಿಮ್ಮ ಮನಿ ಮಾತು ಮಂದಿಗೆ ತಿಳಿಯೂ ಹಂಗಾತು. ತಪ್ಪು ನಂದು. ಇವತ್ತ ಸರಿ ಮಾಡ್ತೀನಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೈಬುನ್ನಿಸಾ ಗಂಟಲು ಸರಿಪಡಿಸಿಕೊಂಡು, "ಮೇಡಂ, ಸ್ವಲ್ಪ ತಡೀರಿ. ಇವರಿಗೇನೋ ಹೇಳೂದೈತಿ," ಎಂದರು.

ಹೇಳಿದವಳು ನಿಂಬೆವ್ವ. "ಗುಳಿಗಿ ಮುಗಿಯೂ ವಾರ ಬಂತಂದ್ರ ನಮ್ಮವರು ತಾವ ಎದ್ದು ನೀರ ತುಂಬಿ ಇಡ್ತಾರವ್ವ. ಪಲ್ಲೆಕ್ಕ ಉಪ್ಪ ಕಡಿಮಿ ಆದರೂ ತುಟಿ ಪಿಟಕ್ಕ ಅನ್ನೂದಿಲ್ಲ. ಕೆಂಪ ದೀಪ ಹತ್ತಿದರ ಕಟ್ಟಿ ಮ್ಯಾಲೆ ಗೆಳ್ಯಾರು ನಗ್ತಾರಂತ ಅಂಜಿಕಿ. ಬರೇ ನಮ್ಮ ಮನಿ ಅಲ್ಲ, ಎಲ್ಲಾರ ಮನ್ಯಾಗೂ ಇದ ಕಥಿ. ನೀ ಏನೂ ಸರಿ ಮಾಡಬ್ಯಾಡ."

"ಆದರ ಇದು ದೋಷ ಆಯಿ!"

"ಇರಲಿ. ಅಷ್ಟ ದೂರಿಂದ ಬಂದೀದಿ, ಬರಿಗೈಲೆ ಹೋಗಬಾರದು. ಸರಿ ಮಾಡೂದ ಇದ್ದರ ಒಂದ ಮಾಡ." ನಿಂಬೆವ್ವ ಹತ್ತಿರ ಸರಿದು ದನಿ ತಗ್ಗಿಸಿದಳು. "ತಿಂಗಳದ್ದ ಒಮ್ಮಿಗೇ ಕೊಡಬ್ಯಾಡ ಅನ್ನ ಯಂತ್ರಕ್ಕ. ಏಳೇಳ ದಿನದ್ದ ಕೊಡಲಿ."

ಬಿಳೇಕೊಪ್ಪದಲ್ಲಿ ಅಂದಿನಿಂದ ಔಷಧ ವಾರಕ್ಕೊಮ್ಮೆ ಸಿಗುತ್ತದೆ. ಈ ಏರ್ಪಾಡನ್ನು ನೋಡಲು ಹೊರ ಊರುಗಳಿಂದ ಬರುವ ಭದ್ರತಾ ತಜ್ಞರು, ಅಧಿಕಾರದ ಅವಧಿಯನ್ನು ಇಷ್ಟು ಚಿಕ್ಕದಾಗಿ ಇರಿಸಿದ ಎಚ್ಚರಿಕೆಯನ್ನು ತಮ್ಮ ವರದಿಗಳಲ್ಲಿ ತಪ್ಪದೆ ಹೊಗಳುತ್ತಾರೆ. ಸರದಿಯಲ್ಲಿ ನಿಂತ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅವರಿಗೆ ದಾರಿ ಬಿಡುತ್ತಾರೆ.