ಓಕ್ ಕಾಡಿನಲ್ಲಿ ಹಾಸಿಟ್ಟ ಕೋಟು

ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ, ನಮ್ಮ ನಾಯಿ ಪೆರೊ ಓಕ್ ಕಾಡಿನಲ್ಲಿ ಕಳೆದುಹೋಯಿತು. ಜಿಂಕೆಯ ಬೆನ್ನು ಹತ್ತಿ ನೀಲಿ ಹೂಗಳ ನಡುವೆ ನುಗ್ಗಿದ್ದಷ್ಟೇ ಕಂಡದ್ದು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು.

ನಮ್ಮ ವೇಲ್ಸ್‌ನಲ್ಲಿ ಇದಕ್ಕೊಂದು ರೂಢಿಯಿದೆ. ನಾಯಿ ಕಣ್ಮರೆಯಾದ ಜಾಗದಲ್ಲಿ ಒಡೆಯ ತನ್ನ ಕೋಟು ಹಾಸಿ ಹೋಗುತ್ತಾನೆ. ವಾಸನೆ ಹಿಡಿದು ಬಂದ ನಾಯಿ ಅದರ ಮೇಲೆ ಮಲಗಿ ಕಾಯುತ್ತದೆ.

“ಬಿಚ್ಚೋ ಗೆಥಿನ್,” ಎಂದಳು ನನ್ನ ಹೆಂಡತಿ ನೋನ್, ಕಣ್ಣೊರೆಸಿಕೊಳ್ಳುತ್ತಲೇ. “ನಿನ್ನ ಕೋಟಿನ ವಾಸನೆಗೆ ಸತ್ತ ನಾಯಿನೂ ಎದ್ದು ಬರುತ್ತೆ.”

“ಒಗೀಬೇಡ ಅಂದಿದ್ದು ಇದಕ್ಕೇ ಕಣೆ!”

ಕೋಟು ಹಾಸಿ, ಕಾಡು ಬಳಸುವ ಕಾಲುದಾರಿಯಲ್ಲಿ ಇನ್ನೊಂದು ಸುತ್ತು ಹುಡುಕಿದೆವು. ತುಂತುರು ಮಳೆ ಹಿಡಿಯಿತು.

ಮರಳಿದಾಗ ಪೆರೊ ಅಲ್ಲೇ ಇತ್ತು! ನೋನ್ ನಗುತ್ತ ಅಳುತ್ತ ಅದನ್ನು ಅಪ್ಪಿಕೊಂಡಳು. ಆದರೆ ಅದು ಕೋಟಿನ ಮೇಲೆ ಮಲಗಿರಲಿಲ್ಲ. ಪಕ್ಕದಲ್ಲಿ ತೊಯ್ದು ಕೂತು, ಖಾಲಿ ಕೋಟಿನತ್ತ ಬಾಲ ಆಡಿಸುತ್ತಿತ್ತು. ಮಳೆ ಇನ್ನೂ ನಿಂತಿರಲಿಲ್ಲ. ಆದರೂ ಕೋಟಿನ ನಡುವೆ, ನಾಯಿಯೊಂದು ಮುದುಡಿ ಮಲಗುವಷ್ಟು ಜಾಗ ಒದ್ದೆಯಾಗಿರಲಿಲ್ಲ. ಕೈಯಿಟ್ಟರೆ ಬೆಚ್ಚಗಿತ್ತು.

ಮನೆಯಲ್ಲಿ ಕೋಟು ಕೊಡವಿದಾಗ ಬಿಳಿ ಕೂದಲು ಉದುರಿತು. ಪೆರೊ ಮೈಯೆಲ್ಲ ಕಪ್ಪು.

“ಪಾಪ, ಆ ಬಿಳಿ ನಾಯಿಗೆ ಯಾರೂ ಕೋಟು ಇಟ್ಟು ಹೋಗಿಲ್ಲ ಅನ್ಸುತ್ತೆ,” ಎಂದಳು ನೋನ್.

ಮರುದಿನ ಆ ಕೋಟನ್ನು ಅದೇ ಜಾಗದಲ್ಲಿ ಹಾಸಿ ಬಂದೆವು. ನಾನು ಹೊಸದೊಂದನ್ನು ಕೊಂಡೆ.